ಗೋಡೆಬದಿಯ ತುಂಬೆ

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ.

"ಭಟ್ರೇ, ನಾಲ್ಕು ಹೂ ಬಿಡಿ ಮಾರಾಯ್ರೆ. ನಿಮ್ಮ ಶಿವನಿಗೆ ಮಾರ್ಕೆಟಿನ ಹೂವಾದ್ರೂ ಉಂಟು, ಜೇನ್ನೊಣಕ್ಕೆ ಎಂತ ಉಂಟು?"

ಚೆನ್ನೈಯ ಎಗ್ಮೋರಿನ ನಮ್ಮ ಫ್ಲಾಟಿನ ಗೋಡೆಬದಿಯಲ್ಲಿ ತುಂಬೆ ಬೆಳೆಸಿದ್ದ ಕೆಳಮನೆಯ ಪದ್ಮಕ್ಕ ಎಲ್ಲರೆದುರು ಹೀಗೆಂದರು. ನಾನು ದಿನಾ ಪೂಜೆಗೆಂದು ಒಂದೂ ಬಿಡದೆ ಕೀಳುತ್ತಿದ್ದೆ. ಆ ಮಾತಿನ ಸಿಟ್ಟಿಗೆ ಮರುದಿನ ಬೆಳಿಗ್ಗೆ ಗಿಡಗಳನ್ನೇ ಬೇರುಸಹಿತ ಕಿತ್ತೆಸೆದೆ. ಗುಡಿಸುವಾಗ ಕಿತ್ತಳೆಂದು ಪದ್ಮಕ್ಕನಿಂದ ಬೈಗುಳ ತಿಂದದ್ದು ಅಂಗಳ ಗುಡಿಸುವ ಹೆಂಗಸು. "ನಾನ್ ಇಲ್ಲಮ್ಮಾ", ನಾನಲ್ಲ ಎಂದು ತಮಿಳಿನಲ್ಲಿ ಅವಳು ಅಳುವಾಗ ನಾನು ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದೆ. ಅಂದೇ ಅವಳು ಕೆಲಸ ಬಿಟ್ಟಳು.

ಈಗ ನಾನೇ ತುಂಬೆ ಬೆಳೆಸುತ್ತೇನೆ. ಹೋಗಿಬರುವವರೆಲ್ಲ ಪೂಜೆಗೆಂದು ಬೋಳಿಸುತ್ತಾರೆ. ತಲೆ ಚಿಟ್ಟು ಹಿಡಿಯುತ್ತದೆ, ಬೈಯಲು ಬಾಯಿಲ್ಲ. ಪದ್ಮಕ್ಕನೆದುರು ತಪ್ಪೊಪ್ಪಿಕೊಂಡಾಯಿತು. ಗುಡಿಸುತ್ತಿದ್ದವಳು ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ. ಅವಳ ಹೆಸರು ಸೆಲ್ವಿ.