ನೀಲಿ ಚೌಕುಳಿಯ ಎರಡು ಪಟ್ಟಿಗಳು

ಹೋದ ಭಾನುವಾರ ಶಿರಸಿಯಲ್ಲಿ ಕೆರೆದಂಡೆಯ ಕಸ ಹೆಕ್ಕಿ ಮುಗಿಸಿ ಬಸ್ಸು ಹತ್ತುವಾಗ, ನಮ್ಮ ತಂಡದ ಹುಡುಗಿಯೊಬ್ಬಳು ನನ್ನ ಕೈಗೆ ಎರಡು ಗುರುತಿನ ಚೀಟಿ ಕೊಟ್ಟಳು. ಒಂದು ಅವಳದು, ಇನ್ನೊಂದು ಗೆಳತಿಯದು. ಎರಡರ ಬಟ್ಟೆಯ ದಾರವೂ ಬೆವರಿಗೆ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಗೆಳತಿ ಎಲ್ಲಿ ಎಂದು ಕೇಳಿದೆ. ಹಿಂದೆ ಬರುತ್ತಿದ್ದಾಳೆ ಎಂದಳು. ಅವಳು ಬರುವ ತನಕ ನಾನು ಬಾಗಿಲು ಹಾಕಲು ಬಿಡಲಿಲ್ಲ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಗೆಳತಿ ಬಾಟಲಿಗೆ ನೀರು ತುಂಬಿಸಲು ಹೋಗಿದ್ದಳು, ಅಷ್ಟೆ. ಅವಳು ಹತ್ತಿದ ಮೇಲೂ ನನಗೆ ಕೂರಲಾಗಲಿಲ್ಲ. ಇಳಿಯುವವರೆಗೂ ಕಂಬಿ ಹಿಡಿದು ನಿಂತೇ ಇದ್ದೆ, ತಲೆಗಳನ್ನು ಎಣಿಸುತ್ತಾ...

ಬೆವರು ಕುಡಿದ ಬಟ್ಟೆಯ ಆ ವಾಸನೆ ನನಗೆ ಹಳೆಯದು.

ನಮ್ಮೂರು ದಾಸನಕೊಪ್ಪದಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ಒಬ್ಬ ಟೈಲರ್ ಅಕ್ಕ ಇದ್ದರು. ನಮ್ಮ ಯುವಕ ಮಂಡಳವೆಂದರೆ ಒಂದು ಕೇರಂ ಬೋರ್ಡು, ಒಂದು ವಾಲಿಬಾಲ್ ನೆಟ್ಟು ಎಂಬಂತಿದ್ದ ಕಾಲದಲ್ಲಿ ಅದರ ಕೋಣೆಯ ಬೀಗದ ಕೈ ಅವರ ಕೈಗೆ ಬಂತು. ಯಾರಿಗೂ ಬೇಡವಾಗಿತ್ತು, ಆದ್ದರಿಂದ ಬಂತು. ಒಂದೇ ವರ್ಷದಲ್ಲಿ ಹುಡುಗಿಯರೂ ಸೇರಿ ನಾವು ಇಪ್ಪತ್ತೆರಡು ಜನ ಆದೆವು. ಶಾಲೆಯ ಗೋಡೆಗೆ ಸುಣ್ಣ ಹೊಡೆದೆವು, ಬಾವಿಯ ಹೂಳು ತೆಗೆದೆವು. ಅಕ್ಕ ಯಾರಿಗೂ ಆಜ್ಞೆ ಮಾಡಿದ್ದು ನಾನು ನೋಡಿಲ್ಲ. ಯಾರ ಕೈಗೆ ಯಾವ ಕೆಲಸ ಒಗ್ಗುತ್ತದೆ ಎಂದು ಮೊದಲು ನೋಡುತ್ತಿದ್ದರು, ಆಮೇಲೆ ಅದನ್ನೇ ಕೇಳುತ್ತಿದ್ದರು.

ಅವರದೊಂದು ಕ್ರಮವಿತ್ತು. ಹೊರಗೆ ಕೆಲಸಕ್ಕೆ ಹೊರಟಾಗ ಅಂಗಡಿಯಲ್ಲಿ ಉಳಿದ ಬಟ್ಟೆಯಿಂದ ಪಟ್ಟಿ ಕತ್ತರಿಸಿ ಇಬ್ಬಿಬ್ಬರಿಗೆ ಒಂದೇ ಬಟ್ಟೆಯ ಪಟ್ಟಿ ಮಣಿಕಟ್ಟಿಗೆ ಕಟ್ಟುತ್ತಿದ್ದರು. ಆ ದಿನಕ್ಕೆ ಅವರು ಜೋಡಿ. ಕೆಲಸ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಬಂದು ಪಟ್ಟಿ ಬಿಚ್ಚಿ ಕೊಡಬೇಕು. ಅಕ್ಕ ಅವನ್ನು ಬಿಸ್ಕತ್ ಡಬ್ಬಿಗೆ ಹಾಕುತ್ತಿದ್ದರು. ಡಬ್ಬಿಯಲ್ಲಿ ಎಲ್ಲ ಜೋಡಿ ಸೇರಿದರೆ ಹೊರಡುವುದು.

ಜಗಳವಾಡಿದವರಿಗೇ ಒಂದೇ ಬಟ್ಟೆ ಸಿಗುತ್ತಿತ್ತು. ವಾಲಿಬಾಲ್ ಗೆರೆಯ ವಿಷಯಕ್ಕೆ ನಾನೂ ಇನ್ನೊಬ್ಬನೂ ಮಾತು ಬಿಟ್ಟಿದ್ದ ವಾರ ನಮಗೆ ನೀಲಿ ಚೌಕುಳಿ ಬಂತು. ಅವನು ಸಿದ್ದಾಪುರ ಕಡೆಯ ಮನ್ಮನೆಯವನು, ನಮ್ಮೂರಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದ. ಇಬ್ಬರ ಮುಖ ನೋಡಿ ಒಬ್ಬ, "ಮದುವಿ ಜವಳಿ ಆತು ನೋಡ್ರಿ," ಎಂದ. ಅಕ್ಕ ಕತ್ತರಿ ನಿಲ್ಲಿಸದೆ, "ಸುಮ್ಮ ನಿಂದರು, ನಿನಗ ಲಂಗದ ಅಂಚು ಇಟ್ಟೇನಿ," ಎಂದರು. ಆಮೇಲೆ ನಮಗೆ ಹೇಳಿದರು: "ಒಂದ ಬಟ್ಟಿ, ಎರಡು ತುಂಡು ಮಾಡೇನಿ. ಕೂಡಿಸಿ ತಂದು ಕೊಡ್ರಿ."

ಅವತ್ತು ಟೆಂಪೋದಲ್ಲಿ ಮಾಗೋಡಿಗೆ ಹೋಗಿದ್ದೆವು. ಜಲಪಾತ ನೋಡಲು ಬಂದವರು ಕಾಡಿನ ದಾರಿಯುದ್ದಕ್ಕೂ ಎಸೆದ ಬಾಟಲಿ, ಪ್ಲಾಸ್ಟಿಕ್ ಹೆಕ್ಕುವ ಕೆಲಸ. ಬಿಸಿಲಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಜೋಡಿಯ ಮಣಿಕಟ್ಟು ಬೆವರಿಗೆ ಕೆಂಪಾಗಿ ತುರಿಸತೊಡಗಿತು. ಅವನು ಪಟ್ಟಿ ಬಿಚ್ಚಿ, ಇಟ್ಟುಕೊಂಡಿರು ಎಂದು ನನಗೆ ಕೊಟ್ಟ. ನಾನು ಜೇಬಿಗೆ ಹಾಕಿಕೊಂಡೆ. ಅವನದು ನಿಧಾನ, ಇಳಿಜಾರಿನಲ್ಲಿ ಕಂಡ ಒಂದೊಂದು ಬಾಟಲಿಗೂ ಇಳಿಯುತ್ತಿದ್ದ. ನನಗೆ ತಾಳ್ಮೆ ಇರಲಿಲ್ಲ. ನೀರು ಕುಡಿಯುತ್ತೇನೆಂದು ಮೇಲೆ ಬಂದವನು ತಿರುಗಿ ಹೋಗಲಿಲ್ಲ.

ನಾಲ್ಕು ಗಂಟೆಗೆ ಅಕ್ಕ ಸೀಟಿ ಊದಿದರು. ಟೆಂಪೋದ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದರು. ನಾನು ನನ್ನ ಪಟ್ಟಿ ಬಿಚ್ಚಿದೆ, ಜೇಬಿನದನ್ನೂ ತೆಗೆದೆ, ಎರಡನ್ನೂ ಅವರ ಕೈಗಿಟ್ಟೆ. ಅವನೆಲ್ಲಿ ಎಂದು ಕೇಳಿದರು. ಮುಂದೆ ಡ್ರೈವರ್ ಪಕ್ಕ ಕೂತಿದ್ದಾನೆ ಎಂದೆ. ನಾನು ನೋಡಿರಲಿಲ್ಲ. ಕೂತಿರಬಹುದು ಎಂದುಕೊಂಡಿದ್ದೆ, ಕೂತಿದ್ದಾನೆ ಎಂದೆ. ಆಗಲೇ ಹಿಂದಿನವರು ನೂಕುತ್ತಿದ್ದರು. ಅಕ್ಕ ಪಟ್ಟಿಗಳನ್ನು ಡಬ್ಬಿಗೆ ಹಾಕಿದರು.

ಯಲ್ಲಾಪುರದಲ್ಲಿ ಚಹಾಕ್ಕೆ ನಿಂತೆವು. ಅಕ್ಕ ಪಟ್ಟಿಗಳ ಲೆಕ್ಕದಲ್ಲೇ ಚಹಾ ಹೇಳಿದ್ದರು; ಎಲ್ಲರೂ ತೆಗೆದುಕೊಂಡ ಮೇಲೆ ಟ್ರೇಯಲ್ಲಿ ಒಂದು ಗ್ಲಾಸು ಉಳಿಯಿತು. ಅಕ್ಕ ಅದನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವನ ಮೊಬೈಲಿಗೆ ಹಚ್ಚಿದರೆ ಸಿಗ್ನಲ್ಲಿಲ್ಲ.

ಟೆಂಪೋ ತಿರುಗಿಸಿ ಮತ್ತೆ ಮಾಗೋಡಿಗೆ ಹೋದೆವು. ಕತ್ತಲಾಗುವ ಮೊದಲು ಅವನು ಸಿಕ್ಕಿದ. ದಾರಿಯಿಂದ ಕೆಳಗೆ, ಎರಡು ಕಲ್ಲುಗಳ ನಡುವೆ ಪಾದ ಸಿಕ್ಕಿ ಮುರಿದಿತ್ತು. ಪಕ್ಕದಲ್ಲಿ ಚೀಲ, ಅದರ ಬಾಯಿ ಕಟ್ಟಿಟ್ಟಿದ್ದ. ಇನ್ನೂ ನಾಲ್ಕು ಮಾರು ಆಚೆ ಕಣಿವೆ. "ಟೆಂಪೋ ಹೋಪ್ದು ಕೇಳ್ತು ಮಾರಾಯಾ," ಎಂದ ನನಗೆ. "ರಾಶಿ ಕೂಗ್ದಿ." ಕೂಗಿ ಕೂಗಿ ಅವನ ದನಿ ಬಿದ್ದುಹೋಗಿತ್ತು. ಹೊತ್ತು ತರುವಾಗ ಒಂದೇ ಪ್ರಶ್ನೆ ಕೇಳಿದ: "ಯನ್ನ ಪಟ್ಟಿ ಎಲ್ಲಿದ್ದು?" ನಾನು ಅವನ ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದೆ. ಅವನು ಮತ್ತೆಂದೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ.

ಮುಂದಿನ ವಾರ ಶಾಲೆಯಲ್ಲಿ ಊರವರ ಸಭೆ ಸೇರಿತು. ಎಣಿಸದೆ ಹೇಗೆ ಹೊರಟಿರಿ ಎಂದು ಹಿರಿಯರು ಕೇಳಿದರು. ಒಬ್ಬ ತಂದೆ, ಇನ್ನು ಮಗಳನ್ನು ಕಳಿಸುವುದಿಲ್ಲ ಎಂದರು. ನಾನು ಕೊನೆಯ ಬೆಂಚಿನಲ್ಲಿದ್ದೆ. ಏಳಬೇಕೆಂದು ಎರಡು ಸಲ ಬೆಂಚಿನ ಅಂಚು ಹಿಡಿದೆ. ಎರಡು ಸಲವೂ ಬಿಟ್ಟೆ. ಅಕ್ಕ ನಿಂತು, "ಎಣಿಸಾಕಿ ನಾನು. ತಪ್ಪು ನಂದ," ಎಂದು ಮಂಡಳದ ಬೀಗದ ಕೈ ಮೇಜಿನ ಮೇಲಿಟ್ಟರು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಹತ್ತು ದಿನ ಬಿಟ್ಟು ಅವರ ಅಂಗಡಿಗೆ ಹೋದೆ. ಹೊಲಿಗೆ ಯಂತ್ರದ ಎಣ್ಣೆಯ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ. ಅವರು ಯಾವುದೋ ಅಂಚು ಮಡಚಿ ಹೊಲಿಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು:

"ನನಗ ಗೊತ್ತೈತಿ. ಒಬ್ಬನ ಕೈಯಿಂದ ಎರಡು ಪಟ್ಟಿ ಬಂದಾಗ ನಾನು ಮನಷ್ಯಾನ್ನ ನೋಡಬೇಕಿತ್ತು. ಪಟ್ಟಿ ನೋಡಿದೆ."

ಹಾಗಾದರೆ ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ನೀ ಹೇಳ್ತಿ ಅಂತ ಕಾದೆ."

ಮತ್ತೆ ಹೊಲಿಯತೊಡಗಿದರು. ಬೈದಿದ್ದರೆ... ಬೈಯಲಿಲ್ಲ.

ಮಳೆಗಾಲಕ್ಕೆ ಮೊದಲು ಅಂಗಡಿ ಮುಚ್ಚಿ ಹಾವೇರಿಯಲ್ಲಿದ್ದ ತಂಗಿಯ ಮನೆಗೆ ಹೋದರು. ಮಂಡಳ ಮತ್ತೆ ತೆರೆಯಲಿಲ್ಲ. ಆ ಕೋಣೆಯಲ್ಲಿ ಈಗ ಗೊಬ್ಬರದ ಚೀಲಗಳಿವೆ. ನಾನು ಶಿರಸಿಗೆ ಬಂದೆ, ಇಲ್ಲಿ ಇಂಥದೇ ಕೆಲಸ ಮಾಡುತ್ತೇನೆ. ಹೋಗಿ ನೋಡಬೇಕು ಎಂದು ಎಷ್ಟೋ ಸಲ ಹಾವೇರಿ ಬಸ್ಸಿನ ಹತ್ತಿರ ನಿಂತು ತಿರುಗಿ ಬಂದಿದ್ದೇನೆ. ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಮನ್ಮನೆಯಿಂದ ಬಂತು. ಫೋನು ಮಾಡಿದವನು ನನ್ನ ಜೋಡಿಯೇ. ಅವನಿಗೆ ಈಗಲೂ ಏರು ಹತ್ತುವಾಗ ಆ ಕಾಲು ಎಳೆಯುತ್ತದಂತೆ.

ಭಾನುವಾರ ಆ ಹುಡುಗಿ ಇಳಿಯುವಾಗ, ಯಾಕೆ ಸರ್ ಅಷ್ಟು ಗಾಬರಿಯಾದಿರಿ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಮನೆಗೆ ಬಂದ ಮೇಲೆ, ಅದೂ ಸಭೆಯ ಆ ಕೊನೆಯ ಬೆಂಚಿನಿಂದ ಬಂದ ಮಾತೇ ಎನಿಸಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಎರಡು ಪಟ್ಟಿಗಳನ್ನು ಕೊಟ್ಟವನು ನಾನು. ಮುಂದೆ ಕೂತಿದ್ದಾನೆ ಎಂದವನೂ ನಾನು. ಅಂದಿನ ಸಭೆಯಲ್ಲಿ ಇದ್ದವರಲ್ಲಿ ಕೆಲವರಾದರೂ ಇದನ್ನು ಓದಬಹುದು. ಅಕ್ಕ ಓದುವುದಿಲ್ಲ.