ಮಗ್ಗದ ಪ್ರಶ್ನೆಯನ್ನು ಬರೆದು ಕೊಡಿ

ಸಕಲ ಲೋಕದ ಸಂಕಟಗಳನ್ನು ಚಹಾದಲ್ಲಿ ಅದ್ದಿ ಪರಿಹರಿಸುವ, ಈ ಹಾಸ್ಟೆಲ್ ನೋಟಿಸ್ ಬೋರ್ಡಿನ ಮುಂದೆ ನೆರೆದಿರುವ ಪಂಡಿತೋತ್ತಮರೇ,

ಇಂದು ಮಧ್ಯಾಹ್ನ ರಾಯಚೂರು ಬಸ್ ನಿಲ್ದಾಣದ ಹೋಟೆಲಿನಲ್ಲಿ ನಾವು ಚರ್ಚೆಯಲ್ಲಿ ಯುದ್ಧದ ವಿಷಯ ಮುಗಿಸಿ ಯಂತ್ರಯುಗಕ್ಕೆ ಬಂದಿದ್ದೆವು. ಪಕ್ಕದ ಬೆಂಚಿನಲ್ಲಿದ್ದ ದೇವದುರ್ಗದ ಮುದುಕರೊಬ್ಬರು ಕಂಬಳಿ ಗಂಟು ಇಳಿಸಿ ಕೇಳಿದರು:

"ತಮ್ಮಾ, ಮಿಲ್ಲಿನ ಕಂಬಳಿ ಬಂದಾವ. ನಾವು ನೇಯ್ದದ್ದು ಯಾರೂ ಕೇಳವಲ್ರು. ಮಗ್ಗ ಮಾರೋಣು ಅಂತಾನ ಮಗ. ಓದಿದವ್ರಿದ್ದೀರಿ, ಮಾರ್ಲೋ ಬ್ಯಾಡೋ?"

ನಾನು ಗಂಭೀರವಾಗಿ ಎದ್ದು ನಿಂತೆ. "ಯಪ್ಪಾ, ಈ ಸಭಾದಾಗ ಪ್ರಶ್ನೆ ಬರದು ಕೊಡಬೇಕ್ರಿ."

ಎಲ್ಲರೂ ನಕ್ಕೆವು.

"ನನಗ ಬರಿಯಾಕ ಬರಲ್ಲಪ್ಪ, ತಪ್ಪಾತು" ಎಂದವರೇ ಗಂಟು ಹೊತ್ತು ಬಸ್ಸಿಗೆ ನಡೆದರು.

ಆಮೇಲೆ ಎರಡು ತಾಸು ಕೈಕಸುಬಿನ ಭವಿಷ್ಯವನ್ನು ಚರ್ಚಿಸಿದೆವು. ನಮ್ಮಲ್ಲಿ ಮಗ್ಗ ಮುಟ್ಟಿದವರು ಒಬ್ಬರೂ ಇರಲಿಲ್ಲ.

ಅಂಥ ನಿಯಮವೇ ಇಲ್ಲ, ಮಿತ್ರರೇ. ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಬರೆದು ಕೊಡಿ ಎಂದೆ.