ಎಡಕ್ಕೆ ಅನ್ನ, ಬಲಕ್ಕೆ ಪೂರ್ಣ

ಸಂಗಮೇಶ ತನ್ನ ಪಿಕಪ್ ಗಾಡಿಯ ಗಾಲಿಗಳ ಹಿಂದೆ ಕೆಸರು ತಡೆಯುವ ಮಡ್ ಫ್ಲ್ಯಾಪ್ ಹಾಕಿಸಿದ್ದು ಹೆಂಡತಿಯ ಮೇಲಿನ ಪ್ರೀತಿಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದದ್ದನ್ನು ಕೇಳಿದವರಿಗೆ ಯಾರಿಗೂ ಹಾಗೆನ್ನಿಸುವುದಿಲ್ಲ.

ಇಳಕಲ್ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ಹನ್ನೊಂದು ವರ್ಷ ಅವನು ಕಂಡಕಂಡವರ ಗಾಡಿ ಓಡಿಸಿದ್ದ. ಈ ವರ್ಷ ಮಳೆಗಾಲಕ್ಕೆ ಮುಂಚೆ ಸೆಕೆಂಡ್ ಹ್ಯಾಂಡ್ ಪಿಕಪ್ ಒಂದು ಅವನದೇ ಆಯಿತು. ಬಂದ ವಾರದಲ್ಲೇ ಗಾಡಿ ತುಂಬಿಹೋಯಿತು, ಸರಕಿನಿಂದಲ್ಲ, ಹೆಸರುಗಳಿಂದ. ಮುಂದಿನ ಗಾಜಿನ ಮೇಲೆ ಮನೆದೇವರು. ಒಂದು ಬಾಗಿಲಿಗೆ ಮಗ, ಇನ್ನೊಂದಕ್ಕೆ ಮಗಳು. ಹಿಂದುಗಡೆ ಅಗಲವಾಗಿ 'ಅವ್ವನ ಆಶೀರ್ವಾದ'. ಡೀಸೆಲ್ ಟ್ಯಾಂಕಿನ ಮೇಲೆ ಸೋದರಮಾವನ ಹೆಸರು ಕೂಡ ಇತ್ತು. ಹೆಸರು ಬರೆಯುವ ಹೊತ್ತಿಗೆ ಆ ಮನುಷ್ಯ ಅಲ್ಲೇ ನಿಂತಿದ್ದ, ಬಿಡುವುದು ಹೇಗೆ? ಹೆಂಡತಿ ಅನ್ನಪೂರ್ಣಳ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಅನ್ನಪೂರ್ಣ ಜಯನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಗಾಡಿಯನ್ನು ಒಂದು ಸುತ್ತು ಹಾಕಿದಳು, ಎಲ್ಲವನ್ನೂ ಓದಿದಳು, "ಚಲೋ ಐತಿ" ಅಂದಳು, ಬಸ್ಸಿಗೆ ಹೋದಳು. ಮರುದಿನವೂ ಬಸ್ಸು. "ಏ, ಬಾ, ಮುಂದ ಕೂಡು, ಬಿಟ್ಟು ಹೊಕ್ಕೀನಿ" ಎಂದು ಅವನು ಕರೆದರೆ, "ನನಗ ಬಸ್ಸೈತಿ, ಪುಕ್ಕಟ ಐತಿ" ಎಂಬ ಉತ್ತರ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಗಂಡಂದಿರ ಗಾಡಿಗೆ ಬೆಲೆಯೇ ಇಲ್ಲ ಎಂದು ಸಂಗಮೇಶ ಸ್ಟ್ಯಾಂಡಿನಲ್ಲಿ ಹೇಳಿಕೊಂಡು ತಿರುಗಿದ. ಆದರೆ ಅವನಿಗೆ ನಿಜಕ್ಕೂ ಸಂಕಟವಾಗಿತ್ತು. ಹನ್ನೊಂದು ವರ್ಷ ಅವನು ಕನಸು ಕಂಡದ್ದು ಬರೀ ಗಾಡಿಯನ್ನಲ್ಲ, ಆ ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತ ಹೆಂಡತಿಯನ್ನು. ಆ ಸೀಟು ಖಾಲಿಯೇ ಓಡುತ್ತಿತ್ತು.

ಕಾರಣ ಅವನ ತಲೆಗೆ ಹೊಳೆಯಲು ಒಂದು ತಿಂಗಳು ಬೇಕಾಯಿತು. ಹೊಳೆದಾಗ ಗಾಡಿಯಲ್ಲಿ ಬರೆಯಲು ಜಾಗವೇ ಉಳಿದಿರಲಿಲ್ಲ. ಅದೇ ಹೊತ್ತಿಗೆ ಉತ್ತರಹಳ್ಳಿ ರಸ್ತೆಯ ಗುಂಡಿಯೊಂದರಲ್ಲಿ ಇವನ ಹಿಂದಿನ ಗಾಲಿ ಇಳಿದು, ಪಕ್ಕದ ಸ್ಕೂಟರಿನವನ ಬಿಳಿ ಅಂಗಿ ಕಾಫಿ ಬಣ್ಣಕ್ಕೆ ತಿರುಗಿತು.

"ಗುರು, ಹಿಂದೆ ಮಡ್ ಫ್ಲ್ಯಾಪ್ ಹಾಕ್ಸೋಕೆ ಏನ್ ರೋಗ ನಿಂಗೆ?" ಎಂದು ಅವನು ಕೂಗಿದ. ಬೈಸಿಕೊಂಡ ಸಂಗಮೇಶನ ಮುಖ ಅರಳಿತು. ಎರಡು ಫ್ಲ್ಯಾಪು, ಅಂದರೆ ಎರಡು ಖಾಲಿ ಜಾಗ!

ಅದೇ ರಸ್ತೆಯಲ್ಲಿ ರಾಮಪ್ರಸಾದನ ಅಂಗಡಿ. ಲಾರಿ, ಟೆಂಪೋಗಳಿಗೆ ಸೀಟ್ ಕವರಿನಿಂದ ಹಿಡಿದು ನಿಂಬೆಹಣ್ಣು ಕಟ್ಟುವ ದಾರದವರೆಗೆ ಎಲ್ಲ ಅಲ್ಲಿ ಸಿಗುತ್ತಿತ್ತು. ರಾಮಪ್ರಸಾದ ಫ್ಲ್ಯಾಪುಗಳನ್ನು ಸೀರೆಯ ಹಾಗೆ ಒಂದೊಂದಾಗಿ ಬಿಡಿಸಿ ತೋರಿಸಿದ.

"ಪ್ಲಾಸ್ಟಿಕ್ ಬೇಡಣ್ಣ, ಬಿಸಿಲಿಗೆ ಸೀಳ್ಕೊಂಡ್ ಹೋಗತ್ತೆ. ರಬ್ಬರ್ ತಗೊಳಿ. ಸಿಂಹ ಇದೆ, ಹದ್ದಿದೆ. ಸಖತ್ ಮೂವಿಂಗು."

"ಚಿತ್ರ ಬ್ಯಾಡ್ರಿ. ಹೆಸರು ಬರೀಬೇಕು. ಅನ್ನಪೂರ್ಣ. ದೊಡ್ಡ ಅಕ್ಷರ."

"ಇಷ್ಟಗಲದಲ್ಲಿ ಅಷ್ಟುದ್ದ ಹೆಸರು ದೊಡ್ಡದಾಗಿ ಬರಲ್ಲ. ಎಡಕ್ಕೆ ಅನ್ನ, ಬಲಕ್ಕೆ ಪೂರ್ಣ, ಹಾಗ್ ಮಾಡ್ಲಾ?"

ಸಂಗಮೇಶನಿಗೆ ಇದು ಬಹಳ ಹಿಡಿಸಿತು. ಆಮೇಲೆ ಅಳತೆಯ ಮಾತು ಬಂತು. ರಾಮಪ್ರಸಾದ ರಬ್ಬರನ್ನು ಗಾಲಿಯ ಹಿಂದೆ ಹಿಡಿದು ನೆಲದಿಂದ ಒಂದು ಗೇಣು ಮೇಲಕ್ಕೆ ಸೀಮೆಸುಣ್ಣದ ಗೆರೆ ಎಳೆದ. ಸಂಗಮೇಶ ಅದನ್ನು ಬೆರಳಿನಿಂದ ಒರೆಸಿ, ನೆಲದಿಂದ ನಾಲ್ಕೇ ಬೆರಳು ಬಿಟ್ಟು ಇನ್ನೊಂದು ಎಳೆದ. ಫ್ಲ್ಯಾಪು ಉದ್ದವಾದಷ್ಟೂ ಹೆಸರು ದೊಡ್ಡದು ಎಂಬುದು ಅವನ ಲೆಕ್ಕ.

"ಅಣ್ಣ, ಈಗ ಗಾಡಿ ಖಾಲಿ ಇದೆ. ಲೋಡ್ ಬಿದ್ರೆ ಕೆಳಕ್ಕೆ ಕೂತ್ಕೊಳ್ಳತ್ತೆ, ರಬ್ಬರ್ ನೆಲ ಮುಟ್ಟತ್ತೆ. ರಿವರ್ಸ್ ತಗೊಂಡ್ರೆ ಟೈರೇ ಅದನ್ನ ತುಳ್ದು ಕಿತ್ತಾಕತ್ತೆ. ಆಮೇಲೆ ನನ್ ಹತ್ರ ಬರ್ಬೇಡಿ."

"ಹಾಕ್ರಿ ನೀವು" ಅಂದ ಸಂಗಮೇಶ. ಹನ್ನೊಂದು ವರ್ಷ ಗಾಡಿ ಓಡಿಸಿದವನಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಆದರೆ ಅವತ್ತು ಅವನು ಡ್ರೈವರಾಗಿ ಅಲ್ಲಿ ನಿಂತಿರಲಿಲ್ಲ, ಗಂಡನಾಗಿ ನಿಂತಿದ್ದ.

ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿ, "ಏ, ಕೇಳಿಲ್ಲಿ, ಹೊರಗ ಬಾ" ಎಂದು ಕೂಗಿದ. ಅನ್ನಪೂರ್ಣ ಬಂದು ನೋಡಿದಳು. ಗುಂಡಿಗಳನ್ನು ದಾಟಿ ಬಂದ ಗಾಡಿ. ಬಿಳಿ ಬಣ್ಣದ 'ಅನ್ನ'ದ ಮೇಲೆ ಆಗಲೇ ಕೆಸರು ಕೂತಿತ್ತು. 'ಪೂರ್ಣ'ಕ್ಕೆ ಸೆಗಣಿಯೂ ಹತ್ತಿತ್ತು.

"ಮುಂದ ದೇವರು. ಬಾಗಲಕ್ಕ ಮಕ್ಕಳು. ಹಿಂದ ನಿಮ್ಮವ್ವ. ಡೀಸೆಲ್ ಟ್ಯಾಂಕಿಗೆ ನಿಮ್ಮ ಮಾವ" ಎಂದು ಅವಳು ಬೆರಳು ಮಡಿಸಿದಳು. "ನನಗ ಗಾಲಿ ಹಿಂದಿನ ರಬ್ಬರು?"

"ಹಂಗಲ್ಲ, ಕೇಳಿಲ್ಲಿ..."

"ಊರಾಗಿನ ರಾಡಿ ಎಲ್ಲಾ ನನ್ನ ಹೆಸರಿನ ಮ್ಯಾಲ. ಅದೂ ಎರಡು ತುಂಡು ಮಾಡಿ."

ಅಲ್ಲಿಗೆ ಮಾತು ನಿಂತಿತು. ಮೂರು ದಿನ ಅವಳು ಅವನೊಂದಿಗೆ ಮಾತಾಡಲಿಲ್ಲ. ಅವನು ತಾನು ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದ. ಶನಿವಾರ ಬೆಳಿಗ್ಗೆ, "ಇವತ್ತ ಅಕ್ಕಿ ಲೋಡು, ಜಯನಗರದ ಮಂಟಪಕ್ಕ, ಗುಡಿ ಬಾಜೂಕ" ಎಂದು ಗೋಡೆಗೆ ತಿಳಿಸಿ, ಊಟದ ಡಬ್ಬಿ ಮರೆತು ಹೊರಟ.

ಮದುವೆ ಮಂಟಪದ ಮುಂದೆ ಬಂದಾಗ ಗೇಟಿಗೆ ಬೀಗ. ವಾಚ್‌ಮನ್ ಕೀಲಿ ತರಲು ಹೋಗಿದ್ದ. ಇಪ್ಪತ್ತೈದು ಮೂಟೆ ಅಕ್ಕಿ ಹೊತ್ತು ಹೊಟ್ಟೆ ಇಳಿಬಿಟ್ಟಿದ್ದ ಗಾಡಿಯನ್ನು ಅವನು ಫುಟ್‌ಪಾತಿನ ಅಂಚಿಗೆ ರಿವರ್ಸ್ ತೆಗೆದುಕೊಂಡ. ಬಲಗಡೆ ಪರ್‍ರ್ ಎಂದು ಸದ್ದಾಯಿತು. ಇಳಿದು ನೋಡಿದರೆ 'ಪೂರ್ಣ' ಟೈರಿನ ಕೆಳಗಿತ್ತು. ರಾಮಪ್ರಸಾದ ಹೇಳಿದ್ದು ಅಕ್ಷರಶಃ ಆಗಿತ್ತು. ಹರಿದ ರಬ್ಬರನ್ನು ಎಳೆದು ತೆಗೆದು ಸೀಟಿನ ಮೇಲೆ ಹಾಕಿ, ಮುಂದೆ ಕೂತು ತಲೆ ಮೇಲೆ ಕೈ ಹೊತ್ತ.

ಶ್ರಾವಣ ಶನಿವಾರ, ಮಧ್ಯಾಹ್ನದ ಹೊತ್ತು, ಪಕ್ಕದಲ್ಲೇ ದೇವಸ್ಥಾನ. 'ಅವ್ವನ ಆಶೀರ್ವಾದ'ವೂ ಕಾಣದ ಹಾಗೆ ಟಾರ್ಪಾಲು ಮುಚ್ಚಿದ ಗಾಡಿ, ಅದರ ಹಿಂದೆ ದಪ್ಪ ಅಕ್ಷರದಲ್ಲಿ 'ಅನ್ನ' ಎಂಬ ಒಂದೇ ಒಂದು ಪದ. ಜನರನ್ನು ದೂರಿ ಫಲವಿಲ್ಲ. ಸಂಗಮೇಶ ತಲೆಯೆತ್ತಿ ಕನ್ನಡಿ ನೋಡುವ ಹೊತ್ತಿಗೆ ಹಿಂದೆ ನಲವತ್ತು ಜನರ ಸಾಲಿತ್ತು.

ಸಾಲಿನ ಮುಂದೆ ವೆಂಕಟಾಚಲ ಎಂಬ ಹಿರಿಯರು, ಅವರ ಹಿಂದೆ ಹೆಂಡತಿ ವಿಮಲಾ. ಜಯನಗರದವರು. ಬ್ಯಾಂಕಿನಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಸಾಲು ಕಂಡರೆ ವೆಂಕಟಾಚಲರಿಂದ ಸುಮ್ಮನಿರಲು ಆಗುತ್ತಿರಲಿಲ್ಲ. "ಒಬ್ರ ಹಿಂದೆ ಒಬ್ರು ನಿಂತ್ಕೊಳ್ಳಿ. ಇವಳೇ, ಡಬ್ಬಿ ತೆಗ್ದಿಟ್ಕೋ" ಎಂದು ಹೆಂಡತಿಗೂ ಸಾಲಿಗೂ ಒಟ್ಟಿಗೇ ಹೇಳಿ, ಇಳಿದು ಬಂದ ಸಂಗಮೇಶನತ್ತ ತಿರುಗಿದರು. "ಪುಳಿಯೋಗರೆನಾಪ್ಪಾ, ಬಿಸಿಬೇಳೆಬಾತಾ?"

"ಅನ್ನ ಅಲ್ರೀ ಸರ, ಇದು ಬರೇ ಅಕ್ಕಿ."

"ಹೌದಾ? ಅನ್ನ ಆಗೋಕೆ ಎಷ್ಟು ಹೊತ್ತಾಗತ್ತೆ? ಕಾಯ್ತೀವಿ, ಪರವಾಗಿಲ್ಲ."

"ಅನ್ನ ಆಗಂಗಿಲ್ರಿ! ಅದು ನನ್ನ ಹೇಣ್ತಿ ರೀ."

"ಅನ್ನ ನಿನ್ನ ಹೆಂಡ್ತಿನಾ?"

"ಅರ್ಧ ಹೇಣ್ತಿ ರೀ. ಇನ್ನರ್ಧ ಹರಿದು ಹೋಗೇತಿ."

ವೆಂಕಟಾಚಲ ಒಂದು ಹೆಜ್ಜೆ ಹಿಂದೆ ಸರಿದರು. ವಿಮಲಾ ಮುಂದೆ ಬಂದರು. ಅವರ ಕಣ್ಣು ಫ್ಲ್ಯಾಪಿನ ಮೇಲಿತ್ತು. "ಅಲ್ಲಪ್ಪಾ, ಅನ್ನ ಅಂತ ಬರೆದು ಕೆಸರಲ್ಲಿ ಬಿಡೋದಾ? ಒಂದಗಳು ಕಾಲಿಗೆ ಸಿಕ್ಕಿದ್ರೆ ಕಣ್ಣಿಗೊತ್ಕೋತೀವಿ ನಾವು" ಎನ್ನುತ್ತ ಬಗ್ಗಿ, ತಮ್ಮ ಕರ್ಚೀಫಿನಿಂದ ಎರಡೂ ಅಕ್ಷರಗಳನ್ನು ಒರೆಸಿದರು. ಸಂಗಮೇಶನಿಗೆ ನಾಚಿಕೆಯಾಯಿತು. ಇದೇ ಮಾತನ್ನು ಮನೆಯವಳು ಮೂರು ದಿನದ ಹಿಂದೆ ಹೇಳಿದ್ದಳು, ಆಗ ಅವನ ಕಿವಿಗೆ ಹೋಗಿರಲಿಲ್ಲ.

ಅಷ್ಟರಲ್ಲಿ ಅವಳೇ ಬಂದಳು. ಅಂಗಡಿಯ ಊಟದ ವಿರಾಮದಲ್ಲಿ, ಅವನು ಮರೆತ ಡಬ್ಬಿ ಹಿಡಿದು ಬಸ್ಸಿಳಿದು ಬಂದಿದ್ದಳು. ಸಿಟ್ಟು ಬೇರೆ, ಹಸಿವು ಬೇರೆ ಎಂಬುದು ಅವಳ ಲೆಕ್ಕ. ಡಬ್ಬಿ ಕಂಡದ್ದೇ ಸಾಲು ಜೀವ ಪಡೆಯಿತು.

"ಇಷ್ಟು ಜನಕ್ಕೆ ಅದೊಂದೇ ಡಬ್ಬಿನಾ?" ಎಂದರು ವೆಂಕಟಾಚಲ.

ಅನ್ನಪೂರ್ಣ ಸಾಲನ್ನು ನೋಡಿದಳು, ಫ್ಲ್ಯಾಪನ್ನು ನೋಡಿದಳು, ಗಂಡನನ್ನು ನೋಡಿದಳು. "ಉಳದದ್ದೆಲ್ಲಿ?"

ಸಂಗಮೇಶ ಸೀಟಿನ ಮೇಲಿಂದ ಹರಿದ ರಬ್ಬರು ತಂದು ತೋರಿಸಿದ. 'ಪೂರ್ಣ'ದ ಮೇಲೆ ಟೈರಿನ ಅಚ್ಚು ಎದ್ದು ಕಾಣುತ್ತಿತ್ತು.

"ತುಳದ್ರಿ?"

"ನಾ ಅಲ್ಲ, ಟೈರು. ಏ, ಸಿಟ್ಟಾಗಬ್ಯಾಡ. ಇನ್ನೊಂದನ್ನೂ ಕಿತ್ತಸ್ತೀನಿ. ಗಾಜಿನ ಮ್ಯಾಲ ದೇವರ ಬಾಜೂಕ ಬರಸ್ತೀನಿ. ಎಲ್ಲಿ ಬೇಕು ಹೇಳು, ಅಲ್ಲಿ ಬರಸ್ತೀನಿ."

"ಎಲ್ಲೂ ಬರಸಬ್ಯಾಡ್ರಿ" ಅಂದಳು ಅನ್ನಪೂರ್ಣ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆದರಿಕೆ ತಂದಿತು. "ಲಗ್ನಾಗಿ ಇಷ್ಟು ವರ್ಷಾತು, ಒಮ್ಮೆನೂ ಹೆಸರು ಹಿಡಿದು ಕರದಿಲ್ಲ ನೀವು. ಏ ಅಂತೀರಿ, ಕೇಳಿಲ್ಲಿ ಅಂತೀರಿ. ಕನ್ನಡಕ ತಗೊಳ್ಳಾಕ ಬಂದ ಗುರುತಿಲ್ಲದವ್ರೂ ಅನ್ನಪೂರ್ಣ ಮೇಡಂ ಅಂತಾರ. ರಬ್ಬರಿನ ಮ್ಯಾಲ ಗೇಣುದ್ದ ಬರಸ್ತೀರಿ, ಬಾಯಾಗ ಬರಂಗಿಲ್ಲ."

ಡಬ್ಬಿಯನ್ನು ಬಾನೆಟ್ಟಿನ ಮೇಲಿಟ್ಟು ಬಸ್ ಸ್ಟಾಪಿನ ಕಡೆ ನಡೆದಳು.

ಸಂಗಮೇಶ ನಿಂತಲ್ಲೇ ನಿಂತ. ಅವಳು ಹೇಳಿದ್ದು ನಿಜ. ಅವನಪ್ಪ ಅವ್ವನನ್ನು ಹೆಸರು ಹಿಡಿದು ಕರೆದದ್ದನ್ನು ಅವನು ಕೇಳಿರಲಿಲ್ಲ, ಓಣಿಯಲ್ಲಿ ಯಾರೂ ಕರೆದದ್ದನ್ನು ಕೇಳಿರಲಿಲ್ಲ. ನಾಲಗೆಗೆ ರೂಢಿಯೇ ಇಲ್ಲ. ಅತ್ತ ಬಸ್ಸು ಬಂತು. "ಏ" ಎಂದು ಕೂಗಿದ. ಅವಳು ತಿರುಗಲಿಲ್ಲ. ಇನ್ನು ಬೇರೆ ದಾರಿಯಿರಲಿಲ್ಲ. ಉಸಿರು ಎಳೆದುಕೊಂಡು, ಕಣ್ಣು ಮುಚ್ಚಿ, ನಲವತ್ತು ಜನರ ಎದುರು ಬಾಯಿಬಿಟ್ಟ.

"ಅನ್ನಾ..."

ರೂಢಿಯಿಲ್ಲದ ನಾಲಗೆ ಅರ್ಧಕ್ಕೇ ನಿಂತಿತು. "ಬಂತು, ಬಂತು!" ಎಂದು ಇಡೀ ಸಾಲು ಮುಂದಕ್ಕೆ ನುಗ್ಗಿತು. "ನೂಕ್ಬೇಡಿ! ಎಲ್ಲರಿಗೂ ಸಿಗತ್ತೆ!" ಎಂದು ವೆಂಕಟಾಚಲ ಎರಡೂ ಕೈ ಚಾಚಿ ಅಡ್ಡ ನಿಂತರು. ಆ ಗದ್ದಲದ ನಡುವಿನಿಂದ, ತಲೆಗಳ ಮೇಲಿಂದ, ಸಂಗಮೇಶನ ಉಳಿದರ್ಧ ದನಿ ಹೊರಬಿತ್ತು.

"...ಪೂರ್ಣಾ!"

ಬಸ್ಸಿನ ಮೆಟ್ಟಿಲ ಮೇಲೆ ಅನ್ನಪೂರ್ಣಳ ಒಂದು ಕಾಲಿತ್ತು. "ಮೇಡಂ, ಹತ್ತೋದಾದ್ರೆ ಹತ್ತಿ" ಎಂದ ಕಂಡಕ್ಟರ್. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

ವಿಮಲಾ ನಿಧಾನವಾಗಿ ಗಂಡನ ಮುಖ ನೋಡಿದರು. "ಕೇಳಿಸ್ತಾ?" ಎಂದರು. ವೆಂಕಟಾಚಲ ಕೂಡಲೇ ಸಾಲಿನ ಕೊನೆಯನ್ನು ಸರಿಪಡಿಸಲು ಹೊರಟುಹೋದರು.

ಅನ್ನಪೂರ್ಣ ನಗು ತಡೆದುಕೊಂಡು ಬಂದು, ಗಾಡಿಯ ಬಾಗಿಲು ತೆಗೆದು, ಪಕ್ಕದ ಸೀಟಿನಲ್ಲಿ ಕೂತಳು. ಸಂಗಮೇಶನೂ ಹತ್ತಿ ಕೂತ. ಸ್ಟೀರಿಂಗ್ ಒರೆಸಿದ.

"ಇನ್ನೊಮ್ಮೆ ಕರೀರಿ" ಅಂದಳು.

"ಬಾಜೂಕನ ಕುಂತೀಯಲ್ಲ."

"ಕುಂತ್ರೇನಾತು? ಕರೀರಿ."

ಅವನು ಕರೆದ. ಈ ಸಲ ಯಾರಿಗೂ ಕೇಳಿಸದಷ್ಟು ಮೆಲ್ಲಗೆ.